ಮುಂದೇನಾಗಬೇಕು ಅಂತಿದ್ದೀಯ

ಪ್ರಶ್ನೆಯನ್ನು ಯಾವ ದನಿಯಲ್ಲಿ ಕೇಳಬೇಕು ಎಂಬುದೊಂದೇ ಈಗ ಉಳಿದಿತ್ತು. ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ರೇಷ್ಮೆ ಸೀರೆಯ ನೆರಿಗೆ ಮುದುಡದಂತೆ ಮೊಣಕಾಲು ಜೋಡಿಸಿಕೊಂಡು, ರಂಜನಿ ತುಟಿ ಅಲುಗಿಸದೆ ಅದನ್ನೇ ಮತ್ತೆ ಮತ್ತೆ ಹೇಳಿ ನೋಡುತ್ತಿದ್ದಳು. ಮುಂದೇನಾಗಬೇಕು ಅಂತಿದ್ದೀಯ, ಸೌಜನ್ಯ? ತೀರಾ ಸಿಹಿಯಾದರೆ ನಾಟಕವೆನಿಸುತ್ತದೆ. ತೀರಾ ಸಪ್ಪೆಯಾದರೆ ಹುಡುಗಿ ಏನಾದರೊಂದು ಹೇಳಿ ತಪ್ಪಿಸಿಕೊಂಡುಬಿಡಬಹುದು. ಉಳಿದ ಮಕ್ಕಳನ್ನೆಲ್ಲ ಕೇಳಿದ ದನಿಯಲ್ಲೇ, ಅದೇ ನಗುವಿನಲ್ಲೇ, ಕೈಯಲ್ಲಿದ್ದ ಮೈಕನ್ನು ಅದೇ ರೀತಿ ಮುಂದಕ್ಕೆ ಚಾಚಿ ಕೇಳಬೇಕು. ಕಪ್ಪೆಯ ಚರ್ಮ ಕೊಯ್ಯುವಾಗ ಬ್ಲೇಡನ್ನು ಒತ್ತಬಾರದು, ಅದರ ತೂಕಕ್ಕೇ ಬಿಡಬೇಕು ಎಂದು ಕಾಲೇಜಿನಲ್ಲಿ ತನಗೆ ಕಲಿಸಿದ್ದರು. ಈಗಿನ ಮಕ್ಕಳಿಗೆ ಕಪ್ಪೆಯೂ ಇಲ್ಲ, ಬ್ಲೇಡೂ ಇಲ್ಲ, ಗೋಡೆಯ ಮೇಲೆ ಚಿತ್ರ ಮಾತ್ರ. ಬಸ್ಸು ತಿರುವಿನಲ್ಲಿ ವಾಲಿತು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ತಲೆ ಭುಜಕ್ಕೆ ತಾಗಿತು. ರಂಜನಿ ಸರಿಯಲಿಲ್ಲ. ಸರಿದರೆ ದನಿ ತಪ್ಪಿಹೋಗುತ್ತದೆ ಎಂಬಂತೆ ಹಾಗೇ ಕೂತಳು.

ಪ್ರತಿ ವರ್ಷ ಮೇ ತಿಂಗಳ ಕೊನೆಯ ಭಾನುವಾರ ಟ್ರಸ್ಟಿನವರ ಪ್ರತಿಭಾ ಪುರಸ್ಕಾರ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ನಾಲ್ಕು ತಾಲ್ಲೂಕುಗಳಲ್ಲಿ ಟ್ರಸ್ಟಿನ ಶಾಲೆ ಕಾಲೇಜುಗಳಿದ್ದವು. ಅಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳೆಲ್ಲ ಬರುತ್ತಿದ್ದರು, ಅವರ ಹಿಂದೆ ಅಪ್ಪ ಅಮ್ಮ, ಅಜ್ಜಿ ತಾತ. ಮಕ್ಕಳಿಗೆ ಮೈಸೂರು ಪೇಟ, ಶಾಲು, ಗಂಧದ ಹಾರ, ಗಾಜಿನೊಳಗೆ ಸರಸ್ವತಿ ಕೂತ ನೆನಪಿನ ಕಾಣಿಕೆ. ಪೇಟ ತೊಡಿಸಿದ ಮೇಲೆ ನಿರೂಪಕರು ಮೈಕು ಹಿಡಿದು ಕೇಳುವ ಪ್ರಶ್ನೆ ಒಂದೇ, ಮುಂದೇನಾಗಬೇಕು ಅಂತಿದ್ದೀಯ. ಮಕ್ಕಳು ಹೇಳುವ ಉತ್ತರವೂ ಹೆಚ್ಚು ಕಡಿಮೆ ಒಂದೇ. ಡಾಕ್ಟರಾಗಿ ಹಳ್ಳಿಯ ಬಡವರ ಸೇವೆ ಮಾಡುತ್ತೇನೆ. ಐಎಎಸ್ ಮಾಡಿ ದೇಶದ ಸೇವೆ ಮಾಡುತ್ತೇನೆ. ಹೀಗೆ ಸೇವೆ ಬಂದ ತಕ್ಷಣ ಚಪ್ಪಾಳೆ. ನಿರೂಪಣೆ ಎಷ್ಟೋ ವರ್ಷಗಳಿಂದ ರಂಜನಿಯದು. ಕಾಲೇಜಿನಲ್ಲಿ ಅವಳು ಜೀವಶಾಸ್ತ್ರದ ಉಪನ್ಯಾಸಕಿ. ಆದರೆ ಅಧ್ಯಕ್ಷ ಈಶ್ವರಯ್ಯನವರಿಗೆ ಅವಳು ಬೇಕಾದದ್ದು ಅವಳ ಗಂಟಲಿಗಾಗಿ. 'ನಮ್ ಮೇಡಮ್ಮೋರು ಮೈಕ್ ಇಡುದ್ರೆ ರೇಡಿಯೋ ಕೇಳ್ದಂಗೆ ಕಣ್ರಪ್ಪ' ಎಂದು ಬಂದವರಿಗೆಲ್ಲ ಪರಿಚಯಿಸುತ್ತಿದ್ದರು. ಸ್ಟಾಫಿನವರು ನಗುತ್ತಿದ್ದರು. ರಂಜನಿಯೂ ನಗುತ್ತಿದ್ದಳು. ಹೋದ ವರ್ಷದವರೆಗೆ ಅದು ಹೊಗಳಿಕೆಯೆಂದೇ ಅವಳ ಲೆಕ್ಕ.

ಹೋದ ವರ್ಷ ಮಗ ನಿಸರ್ಗನನ್ನು ಕರೆದುಕೊಂಡು ಬಂದದ್ದು ಅವಳೇ. ಅವನು ಬರುವುದಿಲ್ಲವೆಂದಿದ್ದ. ಊಟ ಚೆನ್ನಾಗಿರುತ್ತೆ ಬಾರೋ, ಮನೇಲಿ ಒಬ್ಬನೇ ಕೂತು ಏನು ಮಾಡ್ತೀಯ ಎಂದು ಎಬ್ಬಿಸಿಕೊಂಡು ಬಂದಿದ್ದಳು. ಅವನ ಪಿಯುಸಿ ಫಲಿತಾಂಶ ಆಗಷ್ಟೇ ಬಂದಿತ್ತು, ಅವಳ ವಿಷಯದಲ್ಲೇ ಅತಿ ಕಡಿಮೆ. ಕಲ್ಯಾಣ ಮಂಟಪದ ಹಿಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ, ನೀಲಿ ಅಂಗಿ ತೊಟ್ಟು ಅವನು ಕೂತದ್ದು ವೇದಿಕೆಯಿಂದ ಅವಳಿಗೆ ಕಾಣುತ್ತಿತ್ತು. ಅಧ್ಯಕ್ಷರ ಭಾಷಣ ಮುಗಿಯುವ ಹೊತ್ತಿಗೆ ಈಶ್ವರಯ್ಯ ಕನ್ನಡಕ ತೆಗೆದು, ಅಂಗೈ ಹಣೆಗೆ ಅಡ್ಡವಿಟ್ಟು ಜನರನ್ನು ನೋಡಿದರು. 'ಬೌಮಾನ ತಗಳೋರು ಮಾತ್ರ ಅಲ್ಲ, ಸಿಕ್ದೆ ಇರೋರೂ ಬಂದವ್ರೆ ಇಲ್ಲಿಗೆ. ಅಲ್ನೋಡಿ, ನಮ್ ಬಯಾಲಜಿ ಮೇಡಮ್ಮೋರ ಮಗ ಹಿಂದ್ಗಡೆ ಕುಂತವ್ನೆ. ಎದ್ದೇಳಪ್ಪ, ಎದ್ದೇಳು, ನಾಚ್ಕೋಬ್ಯಾಡ. ತಾಯಿ ಊರ್ ಮಕ್ಕಳ್ನೆಲ್ಲ ಡಾಕ್ಟ್ರು ಮಾಡ್ತಾವ್ರೆ, ಪಾಪ, ಮಗುನ್ ಕಡೆ ನೋಡಕ್ಕೆ ಪುರ್ಸೊತ್ತಾಗಿಲ್ಲ.' ಜನ ನಕ್ಕರು. 'ಆದ್ರೂ ಬಂದವ್ನಲ್ಲ! ಗೆದ್ದೋರ್ಗೆ ಚಪ್ಪಾಳೆ ಒಡಿಯಕ್ಕೂ ದೊಡ್ ಮನ್ಸು ಬೇಕು ಕಣ್ರಪ್ಪ. ಒಡಿಯಪ್ಪ ಚಪ್ಪಾಳೆ.' ನಿಸರ್ಗ ಎದ್ದು ನಿಂತು ಚಪ್ಪಾಳೆ ಹೊಡೆದ. ಒಬ್ಬನೇ. ಇಡೀ ಮಂಟಪದಲ್ಲಿ ಎರಡು ಕೈಗಳ ಸದ್ದು. ಜನ ಸೇರಿಕೊಳ್ಳುವುದಕ್ಕೆ ಎಷ್ಟು ಹೊತ್ತಾಯಿತೋ, ಅಷ್ಟರಲ್ಲಿ ರಂಜನಿ ಮೈಕಿನ ಹತ್ತಿರ ಬಂದಾಗಿತ್ತು. ಮತ್ತು ಅವಳ ಗಂಟಲು, ಯಾರ ಅಪ್ಪಣೆಯೂ ಬೇಡದ ಆ ಗಂಟಲು, ಅಧ್ಯಕ್ಷರ ಹಿತನುಡಿಗಳಿಗೆ ಹೃತ್ಪೂರ್ವಕ ಧನ್ಯವಾದಗಳು ಎಂದಿತ್ತು.

ವಾಪಸು ಬರುವಾಗ, ಊರು ಬಂದು ಬಸ್ಸಿನಿಂದ ಇಳಿಯುವುದಕ್ಕೆ ಎದ್ದ ನಿಸರ್ಗ, 'ಥ್ಯಾಂಕ್ಸ್ ಹೇಳಿದ್ದು ಚೆನ್ನಾಗಿತ್ತಮ್ಮ, ಉಚ್ಚಾರ ಸ್ಪಷ್ಟವಾಗಿತ್ತು' ಎಂದ. ಆಮೇಲೆ ಆ ಮಾತೇ ಎತ್ತಲಿಲ್ಲ. ಹಾಸನದಲ್ಲಿ ಡಿಪ್ಲೊಮಾಕ್ಕೆ ಸೇರಿದ, ರೂಮು ಮಾಡಿದ, ಭಾನುವಾರಗಳಲ್ಲಿ ಬರುವುದನ್ನು ನಿಧಾನವಾಗಿ ಬಿಟ್ಟ. ಫೋನು ಮಾಡಿದರೆ ಊಟ ಆಯಿತಾ ಎಂದು ಅವನೇ ಮೊದಲು ಕೇಳಿಬಿಡುತ್ತಿದ್ದ, ಅವಳಿಗೆ ಕೇಳಲು ಬೇರೇನೂ ಉಳಿಯದ ಹಾಗೆ. ಗಂಡ ಮುರಳೀಕೃಷ್ಣನಿಗೆ ಇದೆಲ್ಲ ಅತಿಯೆನಿಸಿತ್ತು. 'ಆ ಮನುಷ್ಯ ಏನೋ ಬಾಯಿಗೆ ಬಂದದ್ದು ಹೇಳ್ದ, ಬಿಡೇ. ಹಳ್ಳಿ ಕಡೆಯೋರು, ಅವರ ತಮಾಷೆಯೇ ಹಾಗೆ' ಎಂದಿದ್ದ. ರಂಜನಿ ಬಿಡಲಿಲ್ಲ. ಬಿಡದೆ ಇರುವುದು ಇಷ್ಟು ಸುಖವಾಗಿರುತ್ತದೆಂದು ಅವಳಿಗೆ ಮೊದಲು ಗೊತ್ತಿರಲಿಲ್ಲ. ಪಾಠ ಮಾಡುವಾಗ, ಅನ್ನಕ್ಕೆ ಇಟ್ಟು ಕುಕ್ಕರಿನ ಮುಂದೆ ನಿಂತಾಗ, ಕಾಲೇಜಿನ ಕಾರಿಡಾರಿನಲ್ಲಿ ಈಶ್ವರಯ್ಯನವರ ಬಿಳಿ ಪಂಚೆ ಎದುರಾದಾಗ ಕೈಮುಗಿಯುತ್ತಲೇ, ಅವಳು ಒಂದು ದೃಶ್ಯವನ್ನು ತಿದ್ದಿ ತಿದ್ದಿ ನೋಡುತ್ತಿದ್ದಳು. ಅದೇ ಮಂಟಪ, ಅದೇ ಮೈಕು. ಅದರೊಳಗೆ ಅವರು ನಿಸರ್ಗನ ಹಾಗೆ ಎದ್ದು ನಿಲ್ಲಬೇಕು. ಏಕೆ ನಿಲ್ಲುತ್ತಾರೆ ಎಂಬುದು ಮಾತ್ರ ಯಾವಾಗಲೂ ಖಾಲಿ ಇರುತ್ತಿತ್ತು.

ಅದನ್ನು ತುಂಬಿಕೊಟ್ಟವಳು ಸೌಜನ್ಯ. ಈಶ್ವರಯ್ಯನವರ ಮೊಮ್ಮಗಳು, ಈ ವರ್ಷ ಕಾಲೇಜಿಗೇ ಮೊದಲು. ನೀಟ್ ಪರೀಕ್ಷೆ ಮುಗಿದ ಮರುವಾರ ಅವಳು ಲ್ಯಾಬಿಗೆ ಬಂದಿದ್ದಳು. ರಂಜನಿ ಬೇಸಿಗೆಯ ಧೂಳು ಕೂತ ಮೈಕ್ರೋಸ್ಕೋಪುಗಳನ್ನು ಒರೆಸಿ ಬೀರುವಿಗೆ ಇಡುತ್ತಿದ್ದಳು. ಹುಡುಗಿ ಒಂದು ಬಟ್ಟೆ ತೆಗೆದುಕೊಂಡು ತಾನೂ ಒರೆಸತೊಡಗಿದಳು. ಹಾಗೇ, ಸಿಂಕಿನ ಕಡೆ ಮುಖ ಮಾಡಿಕೊಂಡು, 'ಮ್ಯಾಮ್, ನಾನು ನೀಟ್‌ನಲ್ಲಿ ಏನೂ ಗುರುತು ಹಾಕ್ಲಿಲ್ಲ' ಎಂದಳು. 'ಎಷ್ಟು ಬಿಟ್ಟೆ?' ಎಂದು ಕೇಳಿದ್ದಳು ರಂಜನಿ, ಅರ್ಥವಾಗದೆ. 'ಎಲ್ಲಾ. ಹೆಸರು ನಂಬರ್ ಬರೆದೆ. ಆಮೇಲೆ ಸುಮ್ನೆ ಕೂತಿದ್ದೆ. ಪಕ್ಕದ ಹುಡುಗ ಅಳ್ತಿದ್ದ, ಅವನನ್ನೇ ನೋಡ್ತಾ ಕೂತಿದ್ದೆ.' ಹೋದ ಚಳಿಗಾಲದಲ್ಲಿ ಎನ್ನೆಸ್ಸೆಸ್ ಶಿಬಿರಕ್ಕೆ ಮೊಸಳೆ ಎಂಬ ಊರಿಗೆ ಹೋಗಿದ್ದರಲ್ಲ, ಅಲ್ಲಿ ಜೋಡಿ ದೇವಸ್ಥಾನದ ಆಚೆ ಕಸ ಗುಡಿಸುವಾಗ ಕಲ್ಲಿನ ಚೂರೊಂದು ಸಿಕ್ಕಿತಂತೆ. ಉಗುರಿನಲ್ಲಿ ಗೀಚಿದರೆ ಗೀರು ಬಿತ್ತಂತೆ. 'ಬಳಪದ ಕಲ್ಲು ಮ್ಯಾಮ್. ನೆಲದಿಂದ ತೆಗೆದಾಗ ಅಷ್ಟು ಮೆತ್ತಗಿರುತ್ತಂತೆ. ಅದು ಹೆಂಗಾಯ್ತು, ಎಷ್ಟು ಆಳದಲ್ಲಿ ಆಯ್ತು, ಇಲ್ಲೇ ಯಾಕಾಯ್ತು ಅಂತ ನಂಗೆ ಓದ್ಬೇಕು. ಜಿಯಾಲಜಿ. ಮೈಸೂರಲ್ಲಿ ಇದೆ, ವಿಚಾರಿಸಿದೀನಿ.' ಮಾತು ಕಲ್ಲಿಗೆ ಬಂದಾಗ ಹುಡುಗಿಯ ಕುತ್ತಿಗೆ ನೆಟ್ಟಗಾಗಿತ್ತು. ತಾತನಿಗೆ ಗೊತ್ತಾ? ಇಲ್ಲ. ರಿಸಲ್ಟ್ ಬರುವುದು ಜೂನಿನಲ್ಲಿ, ಅಷ್ಟರೊಳಗೆ ಹೇಗಾದರೂ ಹೇಳುತ್ತಾಳೆ. ಹೋಗುವಾಗ ಬಾಗಿಲಲ್ಲಿ ನಿಂತು, 'ಮ್ಯಾಮ್, ಒಂದೇ ಒಂದು ಸಹಾಯ. ಫಂಕ್ಷನ್ನಲ್ಲಿ ನೀವು ಎಲ್ಲರನ್ನೂ ಕೇಳ್ತೀರಲ್ಲ, ಅದನ್ನ ನನ್ನ ಕೇಳ್ಬೇಡಿ. ನಂಗೆ ಸುಳ್ಳು ಹೇಳೋಕೆ ಬರಲ್ಲ' ಎಂದಳು. 'ಕೇಳಲ್ಲ, ಹೋಗು' ಎಂದಿದ್ದಳು ರಂಜನಿ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ಕೊನೆಯ ಮೈಕ್ರೋಸ್ಕೋಪನ್ನು ಒಳಗಿಟ್ಟು ಬೀರುವಿನ ಬಾಗಿಲು ಮುಚ್ಚುವಾಗ ಗಾಜಿನಲ್ಲಿ ತನ್ನ ಮುಖ ಕಂಡಿತು. ಅದು ಆಗಲೇ ಏನನ್ನೋ ಲೆಕ್ಕ ಹಾಕುತ್ತಿತ್ತು.

ಲೆಕ್ಕದಲ್ಲಿ ಅವಳು ಕುರುಡಾಗಿರಲಿಲ್ಲ. ಎಲ್ಲಿ ಕೊಯ್ದರೆ ಎಷ್ಟು ರಕ್ತ ಬರುತ್ತದೆಂದು ಗೊತ್ತಿತ್ತು. ಸೌಜನ್ಯಳ ಅಪ್ಪ ಶಶಿಕಿರಣ್ ಹಿರೀಸಾವೆಯ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ, ದೊಡ್ಡ ಆಸ್ಪತ್ರೆ ಮುಟ್ಟುವ ಮೊದಲೇ ಕಾರಿನಲ್ಲಿ, ಈಶ್ವರಯ್ಯನವರ ತೊಡೆಯ ಮೇಲೆ ಸತ್ತಿದ್ದ. ಹುಡುಗಿಯ ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮೊಮ್ಮಗಳು ಡಾಕ್ಟರಾಗಬೇಕು, ದಂಡಿಗನಹಳ್ಳಿಯಲ್ಲಿ ತಮ್ಮ ಜಮೀನಿನಲ್ಲಿ ಮಗನ ಹೆಸರಿನ ಆಸ್ಪತ್ರೆ ಏಳಬೇಕು ಎಂದು ಅವರು ಅಂದಿನಿಂದ ಹೇಳುತ್ತ ಬಂದಿದ್ದರು. ಮಣ್ಣಿನ ದಿನ ರಂಜನಿಯೂ ಹೋಗಿದ್ದಳು, ಸ್ಟಾಫಿನವರ ಜೊತೆ. ಅಂಗಳದಲ್ಲಿ ಅವರು ಯಾರ ಕಡೆಗೂ ನೋಡದೆ ಕೂತ ರೀತಿಯನ್ನು ಕಂಡು ಅವಳಿಗೆ ಅಳು ಬಂದಿತ್ತು. ಅವರ ಆ ನೋವೇ ಈಗ ಉಪಯೋಗಕ್ಕೆ ಬರುತ್ತಿದೆ ಎಂಬ ಯೋಚನೆ ಬಂದಾಗ ಅವಳು ಬಸ್ಸಿನ ಕಿಟಕಿಯ ಸರಳಿನಿಂದ ಕೈ ತೆಗೆದಳು. ಕೇಳದಿದ್ದರೂ ಆಯಿತು ಎಂದುಕೊಂಡಳು. ಕೇಳುವುದಿಲ್ಲ ಎಂದಿದ್ದೇನೆ. ಈ ವರ್ಷ ನಿಸರ್ಗ ಬಂದಿಲ್ಲ, ಯಾರಿಗೆ ತೋರಿಸಬೇಕು ಇದನ್ನು? ಚನ್ನರಾಯಪಟ್ಟಣ ಬಂದಾಗ ಅವಳು ಇಳಿದದ್ದು ಸುಮಾರಾಗಿ ಒಳ್ಳೆಯ ಹೆಂಗಸಾಗಿಯೇ.

ಮಂಟಪದ ಅಡುಗೆಮನೆಯ ಕಡೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ವೇದಿಕೆಯ ಹಿಂದಿನ ಕೋಣೆಯಲ್ಲಿ ಶಾಲುಗಳನ್ನು ಬಿಡಿಸಿ ಜೋಡಿಸುತ್ತಿದ್ದಾಗ ಈಶ್ವರಯ್ಯನವರ ಹೆಂಡತಿ ಶಿವಗಂಗಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಬಂದರು. 'ಕುಡೀರವ್ವ, ಬೆಳಗ್ಗೆಯಿಂದ ಬರೀ ಒಟ್ಟೇಲಿದ್ದೀರ ಅನ್ಸುತ್ತೆ.' ಲೋಟ ಕೊಟ್ಟವರು ಹೋಗಲಿಲ್ಲ. 'ನಮ್ ಮಗೀಗೆ ನಿದ್ದೇನೇ ಇಲ್ಲ ಕಣವ್ವ. ರಾತ್ರೆಲ್ಲ ಒಳ್ಳಾಡ್ತದೆ. ಏನಾರ ಐತೇನೋ. ನಿಮ್ಮತ್ರ ಏನಾರ ಏಳವಳಾ?' ರಂಜನಿ ಕಾಫಿಯನ್ನು ನೋಡುತ್ತ, 'ಏನಿಲ್ಲಮ್ಮ, ರಿಸಲ್ಟಿನ ಭಯ ಇರುತ್ತಲ್ಲ' ಎಂದಳು. 'ಅಂಗಂತೀರಾ. ನೀವಂದ್ರೆ ಅವ್ಳಿಗೆ ಪ್ರಾಣ. ಮನೇಲಿ ಬರೀ ನಿಮ್ದೇ ಮಾತು.' ಮುದುಕಿಯ ಕೈ ಅವಳ ಸೆರಗಿನ ಮಡಿಕೆಯನ್ನು ಸರಿಮಾಡಿತು, ಸ್ವಂತ ಮಗಳದ್ದೆಂಬಂತೆ. ಕಾಫಿ ಸಿಹಿ ಹೆಚ್ಚಾಗಿತ್ತು. ರಂಜನಿ ಪೂರ್ತಿ ಕುಡಿದಳು.

ಅವರು ಹೋದ ಸ್ವಲ್ಪ ಹೊತ್ತಿಗೆ ಈಶ್ವರಯ್ಯ ಬಂದರು. ಹಣೆಯ ಮೇಲೆ ವಿಭೂತಿ, ಹೊಸ ಪಂಚೆಯ ಗಂಜಿಯ ಸರಬರ. 'ಎಲ್ಲಾ ಜೋಡುಸ್ಕಂಡ್ರಾ ಮೇಡಮ್ಮೋರೆ? ಒಂದ್ ಮಾತು. ನಮ್ ಸೌಜನ್ಯನ್ನ ಕೊನೇಗಿಟ್ಕಳಿ. ಆ ಮುಂದೇನಾಗ್ತೀಯ ಅಂತ ಕೇಳ್ತೀರಲ್ಲ, ಅದನ್ನ ಗಟ್ಟಿಯಾಗಿ ಕೇಳಿ. ಆಸ್ಪತ್ರೆ ಮಾತು ಅವಳ ಬಾಯಲ್ಲೇ ಬರ್ಬೇಕು. ಅದ್ರ ಇಂದೆನೇ ನಾನು ಎದ್ದು ಜಾಗದ ವಿಷ್ಯ ಏಳ್ತೀನಿ. ಊರೋರೆಲ್ಲ ಬಂದವ್ರೆ.'

ಈಗಲೂ ಒಂದು ದಾರಿ ಇತ್ತು. ಬೇಡ ಸಾರ್, ಮಗು ಹೆದರಿಕೊಂಡಿದೆ ಎಂದರೆ ಸಾಕಿತ್ತು. ರಂಜನಿ ಬಾಯಿ ತೆರೆದಳು. ಅಷ್ಟರಲ್ಲಿ ಅವರು ಕುರ್ಚಿಯ ಮೇಲಿದ್ದ ಪೇಟವೊಂದನ್ನು ಎತ್ತಿ ಅದರ ಜರಿ ನೋಡುತ್ತ, ಸುಮ್ಮನೆ ಮಾತಿಗೆಂಬಂತೆ, 'ನಿಮ್ಗೆ ಮಕ್ಳೆಷ್ಟು ಮೇಡಮ್ಮೋರೆ?' ಎಂದರು.

ಅವಳಿಗೆ ಮೊದಲು ಕೇಳಿಸಲಿಲ್ಲ. ಅಂದರೆ ಕಿವಿಗೆ ಬಿದ್ದದ್ದು ಒಳಗೆ ಹೋಗಲಿಲ್ಲ. 'ಒಬ್ಬ ಮಗ, ಸಾರ್.'

'ಔದಾ? ಏನ್ ಓದ್ತಾವ್ನೆ?'

'ಡಿಪ್ಲೊಮಾ. ಎಲೆಕ್ಟ್ರಿಕಲ್. ಹಾಸನದಲ್ಲಿ.'

'ಅಯ್, ಒಳ್ಳೇದೇ ಬಿಡಿ. ಎಲ್ರೂವೆ ಡಾಕ್ಟ್ರಾಗ್ಬುಟ್ರೆ ಲೈನ್ ರಿಪೇರಿ ಮಾಡೋರ್ಯಾರು?' ಎಂದು ನಕ್ಕು, ಪೇಟವನ್ನು ಮೆಲ್ಲಗೆ ಸ್ವಸ್ಥಾನಕ್ಕೆ ಇಟ್ಟರು. 'ಒಂದಿನ ಕರ್ಕಬನ್ನಿ, ನಾವೂ ನೋಡ್ತೀವಿ.'

ಅವರಿಗೆ ನೆನಪೇ ಇರಲಿಲ್ಲ. ನಟನೆಯಲ್ಲ. ಆ ಕಣ್ಣುಗಳಲ್ಲಿ ಹುಡುಕಿದಳು, ಅಲ್ಲಿ ಏನೂ ಮುಚ್ಚಿಟ್ಟಿರಲಿಲ್ಲ. ಒಂದು ವರ್ಷ ಅವಳು ಹಗಲೂ ರಾತ್ರಿ ಹೊತ್ತದ್ದು ಅವರಲ್ಲಿ ಒಂದು ಸಂಜೆಯೂ ಉಳಿದಿರಲಿಲ್ಲ. ದ್ವೇಷವಾದರೂ ಇದ್ದಿದ್ದರೆ, ಹಮ್ಮಾದರೂ ಇದ್ದಿದ್ದರೆ, ತನ್ನ ಮಗನನ್ನು ಅವರು ಆರಿಸಿ ಹೊಡೆದಿದ್ದರೆ, ಅವಳು ಬಹುಶಃ ಕ್ಷಮಿಸಬಹುದಿತ್ತು. ನಡೆಯುವವನ ಕಾಲಿಗೆ ಸಿಕ್ಕಿದ್ದು ಎಂಬಂತೆ ಆ ಹುಡುಗ ಸಿಕ್ಕಿದ್ದ, ಅಷ್ಟೇ. 'ಹಾಗೇ ಆಗ್ಲಿ ಸಾರ್, ಕೊನೇಗೆ ಇಟ್ಕೋತೀನಿ. ಗಟ್ಟಿಯಾಗೇ ಕೇಳ್ತೀನಿ' ಎಂದಳು. ಬೆಳಗಿನಿಂದ ಹುಡುಕುತ್ತಿದ್ದ ದನಿ ತಾನಾಗಿಯೇ ಬಂದಿತ್ತು. ಅದು ಅವಳ ಮಾಮೂಲು ದನಿಯೇ.

ಪ್ರಾರ್ಥನೆ, ದೀಪ, ಸ್ವಾಗತ. ಮಕ್ಕಳು ಒಬ್ಬೊಬ್ಬರಾಗಿ ಬಂದರು. ಅರಕಲಗೂಡಿನ ಯಶಸ್ವಿನಿ ಎಂಬ ಹುಡುಗಿಗೆ ಪೇಟ ದೊಡ್ಡದಾಗಿ ಕಣ್ಣಿಗೆ ಜಾರಿತು, ಅವಳು ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಐಎಎಸ್ ಮಾಡುತ್ತೇನೆಂದಳು. ಚಪ್ಪಾಳೆ. ಕೇದಾರ್ ಎಂಬ ಹುಡುಗ ಉತ್ತರ ಮರೆತು, 'ಡಾಕ್ಟರಾಗಿ ದೇಶ ಕಾಯ್ತೀನಿ' ಎಂದ. ನಗು, ಇನ್ನೂ ದೊಡ್ಡ ಚಪ್ಪಾಳೆ. ರಂಜನಿಯ ಮಾತು ಎಣ್ಣೆ ಹಚ್ಚಿದಂತೆ ಸರಿಯುತ್ತಿತ್ತು. ಎಲ್ಲರಿಗೂ ಒಂದೊಂದು ಒಳ್ಳೆಯ ಮಾತು, ತಾಯಂದಿರಿಗೆ ಒಂದು ನಗು. ಒಳಗೆ ಮಾತ್ರ ಏನೋ ಅತ್ಯಂತ ಸ್ಥಿರವಾಗಿ, ಲೆನ್ಸಿನ ಕೆಳಗೆ ಫೋಕಸ್ಸಾದ ಕೋಶದಂತೆ, ಅಂಚು ಅಂಚೂ ಸ್ಪಷ್ಟವಾಗಿ ಕೂತಿತ್ತು.

ಸೌಜನ್ಯ ಬಂದಳು. ತಿಳಿಹಸಿರು ಲಂಗದಾವಣಿ, ಅಜ್ಜಿ ಮುಡಿಸಿದ ಕನಕಾಂಬರ. ಈಶ್ವರಯ್ಯ ತಾವೇ ಎದ್ದು ಬಂದು ಪೇಟ ತೊಡಿಸಿದರು, ಫೋಟೋದವನಿಗಾಗಿ ಒಂದು ಗಳಿಗೆ ನಿಂತರು. ಆಮೇಲೆ ಹುಡುಗಿ ಇನ್ನೇನು ಇಳಿಯುವುದು ಎಂಬ ನಂಬಿಕೆಯಲ್ಲಿ ಮೆಟ್ಟಿಲ ಕಡೆ ತಿರುಗಿದಳು. ರಂಜನಿ ಮೈಕನ್ನು ಚಾಚಿದಳು. 'ಮುಂದೇನಾಗಬೇಕು ಅಂತಿದ್ದೀಯ, ಸೌಜನ್ಯ?'

ಹುಡುಗಿ ತಿರುಗಿ ನೋಡಿದಳು. ಮೊದಲು ಕೇಳಿಸಲಿಲ್ಲವೆಂಬಂತೆ, ಆಮೇಲೆ ಕೇಳಿಸಿತೆಂಬಂತೆ. ರಂಜನಿ ಆ ಕಣ್ಣುಗಳಿಂದ ತನ್ನ ಕಣ್ಣು ತೆಗೆಯಲಿಲ್ಲ, ನಗುವನ್ನೂ ತೆಗೆಯಲಿಲ್ಲ. ಮೈಕು ಸಣ್ಣಗೆ ಗುಂಯ್‌ಗುಟ್ಟಿತು. ಮುಂದಿನ ಸಾಲಿನಲ್ಲಿ ಯಾರೋ, 'ಏಳವ್ವ, ನಾಚ್ಕೇನಾ?' ಎಂದರು. ಆಗ ಸೌಜನ್ಯಳ ಮುಖದಲ್ಲಿ ರಂಜನಿ ನಿರೀಕ್ಷಿಸದ ಒಂದು ಬದಲಾವಣೆಯಾಯಿತು. ದಿಗಿಲು ಇಳಿದು, ನಿಧಾನವಾಗಿ ಏನೋ ಹೊಳೆದಂತೆ, ಹುಡುಗಿ ಅವಳಿಗೆ ಕಂಡೂ ಕಾಣದಷ್ಟು ತಲೆಯಾಡಿಸಿ, ಮೈಕನ್ನು ತನ್ನ ಕೈಗೆ ತೆಗೆದುಕೊಂಡಳು.

'ನಾನು ಜಿಯಾಲಜಿ ಓದ್ತೀನಿ. ಭೂವಿಜ್ಞಾನ. ಕಲ್ಲು, ಮಣ್ಣು, ಅದ್ರ ಬಗ್ಗೆ.' ಉಸಿರು ಎಳೆದುಕೊಂಡದ್ದು ಸ್ಪೀಕರಿನಲ್ಲಿ ಕೇಳಿಸಿತು. 'ಡಾಕ್ಟರ್ ಆಗಲ್ಲ. ನೀಟ್‌ನಲ್ಲಿ ನಾನು ಒಂದೂ ಉತ್ತರ ಗುರುತು ಹಾಕ್ಲಿಲ್ಲ, ಬೇಕಂತಲೇ ಖಾಲಿ ಬಿಟ್ಟೆ. ತಾತ, ನಿಮಗೆ ಮೊದ್ಲೇ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ.'

ಹಿಂದಿನಿಂದ ಯಾರದೋ ದನಿ, 'ಏನಂತ್ಲಾ? ಕಲ್ ಒಡಿಯಾ ಕೆಲ್ಸುಕ್ಕಾ?' ಎಂದಿತು. ಇನ್ನೊಬ್ಬ, 'ಸುಮ್ಕಿರ್ಲಾ, ಅಧ್ಯಕ್ಷರು ಕ್ರಷರ್ ಆಕ್ತಾರೇನೋ' ಎಂದ. ನಗು ಹಿಂದಿನ ಸಾಲಿನಲ್ಲಿ ಹುಟ್ಟಿ, ಮುಂದಕ್ಕೆ ಬಂದು, ಶಿವಗಂಗಮ್ಮನ ಹತ್ತಿರ ನಿಂತಿತು. ಜಾಗದ ವಿಷಯ ಹೇಳಲು ಅರ್ಧ ಎದ್ದಿದ್ದ ಈಶ್ವರಯ್ಯ, ಕುರ್ಚಿಯ ಕೈ ಹಿಡಿದು, ಎದ್ದೂ ಏಳದೆ ಕೂತೂ ಕೂರದೆ ಹಾಗೇ ಉಳಿದರು. ರಂಜನಿ ನೋಡಿದಳು. ಬಾಯಿ ಸ್ವಲ್ಪ ತೆರೆದಿತ್ತು. ವಿಭೂತಿಯ ಗೆರೆಯೊಳಗೆ ಬೆವರು ಹನಿಯುತ್ತಿತ್ತು. ಒಂದು ವರ್ಷ ತಿದ್ದಿದ್ದ ಚಿತ್ರಕ್ಕಿಂತ ಇದು ಚೆನ್ನಾಗಿತ್ತು. ಇಂಥದ್ದೊಂದು ಭಂಗಿಯನ್ನು ಅವಳು ಕಲ್ಪಿಸಿಕೊಂಡೇ ಇರಲಿಲ್ಲ. ಆಮೇಲೆ ಅವರು ಸಾವರಿಸಿಕೊಂಡು ಎದ್ದು, ಮೈಕಿಲ್ಲದೆಯೇ, 'ಆಯ್ತು, ಮಕ್ಳು ಏನೋ ಒಂದ್ ಓದ್ಲಿ ಬುಡಿ. ಊಟ ತಯಾರಾಗದೆ, ಎಲ್ರೂ ಊಟ ಮಾಡ್ಕಂಡೋಗಿ' ಎಂದರು. ದನಿ ಎರಡನೇ ಸಾಲಿಗೂ ಮುಟ್ಟಲಿಲ್ಲ. ವಂದನಾರ್ಪಣೆಯನ್ನು ರಂಜನಿಯೇ ಮಾಡಿದಳು. ಯಾರ ಹೆಸರೂ ಬಿಡಲಿಲ್ಲ.

ಕೋಣೆಯಲ್ಲಿ ಉಳಿದ ಶಾಲುಗಳನ್ನು ಮಡಚುತ್ತಿದ್ದಾಗ ಸೌಜನ್ಯ ಓಡಿಬಂದು ಅವಳನ್ನು ತಬ್ಬಿಕೊಂಡಳು. ಪೇಟ ತೆಗೆದ ತಲೆ ಬಿಸಿಯಾಗಿತ್ತು. 'ನೀವು ಕೇಳದೆ ಇದ್ದಿದ್ರೆ ನಾನು ಯಾವತ್ತೂ ಹೇಳ್ತಿರ್ಲಿಲ್ಲ ಮ್ಯಾಮ್. ಮೊದ್ಲು ಯಾಕೆ ಕೇಳಿದ್ರಿ ಅಂತ ಗಾಬರಿ ಆಯ್ತು. ಆಮೇಲೆ ನಿಮ್ಮ ಮುಖ ನೋಡ್ದೆ. ಹೇಳ್ಬಿಡು, ನಾನಿದೀನಿ ಅಂತ ಅಂದಂಗಿತ್ತು.' ರಂಜನಿ ಕೈಯಲ್ಲಿ ಶಾಲು ಹಿಡಿದು ನಿಂತಿದ್ದಳು. ಇಲ್ಲ ಎನ್ನುವುದಕ್ಕೆ ಒಂದು ಕ್ಷಣವಿತ್ತು. ಆ ಕ್ಷಣದಲ್ಲಿ ಅವಳು ಹುಡುಗಿಯ ಬೆನ್ನು ತಟ್ಟಿದಳು. 'ಮ್ಯಾಮ್, ಮನೇವರೆಗೂ ಬರ್ತೀರಾ? ತಾತ ಒಂದ್ ಮಾತೂ ಆಡ್ತಿಲ್ಲ, ಊಟಾನೂ ಮಾಡ್ಲಿಲ್ಲ. ನೀವಿದ್ರೆ... ನೀವು ಹೇಳಿದ್ರೆ ಕೇಳ್ತಾರೆ.' ಬಸ್ಸಿದೆ ಎನ್ನಬಹುದಿತ್ತು, ಮನೆಯಲ್ಲಿ ಕಾಯುತ್ತಾರೆ ಎನ್ನಬಹುದಿತ್ತು. 'ಬರ್ತೀನಿ' ಎಂದಳು. ಹುಡುಗಿಗಾಗಿ ಅಲ್ಲವೆಂದು ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಈಶ್ವರಯ್ಯನವರ ಆ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕಿತ್ತು.

ಡ್ರೈವರ್ ಮನೋಹರ ಕಾರಿನ ಬಾಗಿಲು ತೆಗೆದ. ಈಶ್ವರಯ್ಯ ಅವನ ಪಕ್ಕ ಮುಂದೆ ಕೂತರು. ಹಿಂದೆ ಒಂದು ಬದಿಗೆ ಶಿವಗಂಗಮ್ಮ, ನಡುವೆ ಸೌಜನ್ಯ, ಡ್ರೈವರಿನ ಬೆನ್ನ ಹಿಂದೆ ರಂಜನಿ. ಕಾರು ಪಟ್ಟಣ ದಾಟಿ ದಂಡಿಗನಹಳ್ಳಿಯ ದಾರಿ ಹಿಡಿಯಿತು. ಎಸಿಯ ಗಾಳಿಗೆ ಹುಡುಗಿಯ ಮುಡಿಯ ಕನಕಾಂಬರ ಅಲುಗುತ್ತಿತ್ತು. ಸೌಜನ್ಯ ರಂಜನಿಯ ಕೈಯನ್ನು ತನ್ನ ಎರಡು ಕೈಗಳ ನಡುವೆ ತೆಗೆದುಕೊಂಡಿದ್ದಳು. ಹುಡುಗಿಯ ಬೆರಳುಗಳು ತಣ್ಣಗಿದ್ದವು. 'ನೀವೂ ಒಂದ್ ಮಾತು ಏಳಿ ಮೇಡಮ್ಮೋರೆ' ಎಂದರು ಶಿವಗಂಗಮ್ಮ ಪಿಸುದನಿಯಲ್ಲಿ, 'ಎದೆ ಒಡ್ಕಬುಟ್ಟಾರು. ಓದ್ಲಿ, ಏನೋ ಓದ್ಲಿ, ಆದ್ರೆ ಅವ್ರು ಇಂಗೆ ಸುಮ್ಕೆ ಕುಂತಿದ್ದು ಮಗ ತೀರ್ಕಂಡಾಗ್ಲೇ...' ಮಾತು ಮುಗಿಸದೆ ಸೆರಗು ಬಾಯಿಗೆ ಒತ್ತಿಕೊಂಡರು.

ಆಗ ರಂಜನಿ ಗಮನಿಸಿದಳು. ಮುಂದಿನ ಸೀಟಿನ ಮೇಲೆ ಕಾಣುತ್ತಿದ್ದ ಆ ಕತ್ತು, ಕ್ಷೌರ ಮಾಡಿಸಿ ನುಣುಪಾದ, ಮಡಿಕೆ ಬಿದ್ದ ಮುದಿ ಕತ್ತು, ಬಾಗಿತ್ತು. ಬಾಗಿ, ಬಹಳ ಸಣ್ಣಗೆ, ನಿಯಮವಿಲ್ಲದೆ ಅಲುಗುತ್ತಿತ್ತು. ರಸ್ತೆಯ ಕುಲುಕಾಟವೇ? ಅಲ್ಲ, ಇಲ್ಲಿ ರಸ್ತೆ ನಯವಾಗಿತ್ತು. ಶಬ್ದವಿಲ್ಲದೆ ಅಳುತ್ತಿದ್ದಾರೆ. ಎದೆಯೊಳಗೆ ಏನೋ ಬಾಗಿಲು ತೆರೆದಂತಾಯಿತು. ಕನಿಕರ ಬರಬೇಕು ಎಂದುಕೊಂಡು ಅವಳು ಕಾದಳು, ನಿಜವಾಗಿಯೂ ಕಾದಳು. ಬಂದದ್ದು ಅದಲ್ಲ. ಇಲ್ಲಿಂದ ಮುಖ ಕಾಣುವುದಿಲ್ಲವಲ್ಲ ಎಂಬ ಅಸಮಾಧಾನ ಬಂತು. ಕತ್ತು ಸಾಲದು. ಕಣ್ಣು ಕಾಣಬೇಕು, ತುಟಿ ಹೇಗಿದೆ ಎಂದು ಕಾಣಬೇಕು. ಒಳಗಿನ ಕನ್ನಡಿ ಮನೋಹರನ ಕಡೆ ತಿರುಗಿತ್ತು, ಅದರ ಅಂಚಿನಲ್ಲಿ ವಿಭೂತಿಯ ತುದಿಯಷ್ಟೇ. ಅವಳು ಸ್ವಲ್ಪ ಎಡಕ್ಕೆ ವಾಲಿದಳು. ಕೆನ್ನೆಯ ಒಂದು ಭಾಗ ಬಂತು, ತೇವವಾಗಿತ್ತು. ಇನ್ನೂ ಸ್ವಲ್ಪ. ತನ್ನ ಬಾಯಿ ತೆರೆದಿರುವುದಾಗಲಿ, ಉಸಿರು ಬಿಗಿ ಹಿಡಿದಿರುವುದಾಗಲಿ, ತನ್ನ ಮುಖದ ಮೇಲೆ ಏನು ಹರಡಿಕೊಂಡಿದೆ ಎಂಬುದಾಗಲಿ ಅವಳಿಗೆ ಗೊತ್ತಿರಲಿಲ್ಲ. ಕನ್ನಡಿಯೊಳಗೆ ಕಣ್ಣು ಸಿಕ್ಕಿತು. ಕೆಂಪಗೆ, ಯಾರನ್ನೂ ನೋಡದ ಮುದಿ ಕಣ್ಣು. ಅವಳು ಅದನ್ನು ಕುಡಿಯುವಂತೆ ನೋಡಿದಳು.

ಎಷ್ಟೋ ಹೊತ್ತಾದ ಮೇಲೆ, ಬಹಳ ಹತ್ತಿರದಲ್ಲಿ ಇನ್ನೊಂದು ನೋಟವಿದೆ ಎನಿಸಿ ಕಣ್ಣು ಕೆಳಗಿಳಿಸಿದಳು. ಸೌಜನ್ಯ ತಲೆಯೆತ್ತಿ ಅವಳ ಮುಖವನ್ನು ನೋಡುತ್ತಿದ್ದಳು. ತಾತನನ್ನಲ್ಲ, ಕನ್ನಡಿಯನ್ನಲ್ಲ, ಅವಳನ್ನೇ, ಹುಬ್ಬು ಕೂಡಿಸಿ, ಗಮನವಿಟ್ಟು, ಏನನ್ನೂ ಅವಸರದಲ್ಲಿ ತೀರ್ಮಾನಿಸದ ಜಾಣ ಹುಡುಗಿಯ ತಾಳ್ಮೆಯಿಂದ. ರಂಜನಿ ನಗಲು ನೋಡಿದಳು, ಅದು ಬರಲಿಲ್ಲ. ಹುಡುಗಿ ಕನ್ನಡಿಯ ಕಡೆ ಒಮ್ಮೆ ನೋಡಿ, ಮತ್ತೆ ಅವಳ ಕಡೆ ತಿರುಗಿದಳು. ಆಮೇಲೆ, ಮೇಷ್ಟರ ಮುಂದೆ ಮರ್ಯಾದೆ ತಪ್ಪದ ಹಾಗೆ, ಬಹಳ ಮೆಲ್ಲಗೆ, ತನ್ನ ಎರಡೂ ಕೈಗಳನ್ನು ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

'ಮನೋಹರಣ್ಣ, ಸ್ವಲ್ಪ ನಿಧಾನ' ಎಂದಳು. ಅವಳ ದನಿ ಒಣಗಿ, ನೆಟ್ಟಗಿತ್ತು. 'ಮ್ಯಾಮ್, ನಿಮ್ಮನ್ನ ಎಲ್ಲಿ ಇಳಿಸ್ಬೇಕು?'